ಲಾರಿಗೆ ಸಿಬಿ ರೇಡಿಯೋ ಹಾಕ್ಸೋ ಮುಂಚೆ ಬ್ಯಾಟ್ರಿ ಕಡೆ ನೋಡಿ

ಪ್ರಶ್ನೆ: ಸಾರ್, ನಮ್ದು ಮುಳಬಾಗಿಲು. ನಾವು ನಾಲ್ಕು ಜನ ಸೇರ್ಕೊಂಡು ನಾಲ್ಕು ಲಾರಿ ಓಡಿಸ್ತೀವಿ, ಕೋಲಾರ ಎಪಿಎಂಸಿಯಲ್ಲಿ ಟೊಮ್ಯಾಟೊ ಲೋಡ್ ಮಾಡ್ಕೊಂಡು ಪಲಮನೇರು ಚಿತ್ತೂರು ಮೇಲೆ ಚೆನ್ನೈಗೆ ಹೋಗ್ತೀವಿ. ಹೋದ ತಿಂಗಳು ರಾತ್ರಿ ಮೊಗಿಲಿ ಘಾಟ್ ಹತ್ರ ಹಿಂದಿನ ಲಾರಿ ಪಂಚರ್ ಆಗಿ ನಿಂತುಬಿಟ್ಟಿತ್ತು, ಅವ್ನ ಫೋನ್ ಸಿಗ್ನಲ್ ಇಲ್ಲ, ನಮಗೆ ಗೊತ್ತಾಗಿದ್ದೇ ಮುಕ್ಕಾಲು ಗಂಟೆ ಆದ್ಮೇಲೆ. ಅಮೆರಿಕಾ ಟ್ರಕ್ಕುಗಳಲ್ಲಿ ಗಾಡಿಯಿಂದ ಗಾಡಿಗೆ ಮಾತಾಡೋ ಸಿಬಿ (ಸಿಟಿಜನ್ ಬ್ಯಾಂಡ್) ರೇಡಿಯೋ ಇರುತ್ತಲ್ಲ, ಅದನ್ನ ನಮ್ಮ ಲಾರಿಗೂ ಹಾಕ್ಸಬಹುದಾ, ಲೈಸೆನ್ಸ್ ಬೇಕಾ? ನಮ್ಮ ಎಲೆಕ್ಟ್ರಿಷಿಯನ್ನು, ಮ್ಯೂಸಿಕ್ ಸಿಸ್ಟಮ್‌ಗೆ ಒಂದು ಬ್ಯಾಟ್ರಿಯಿಂದ ಹೆಂಗೆ 12 ವೋಲ್ಟ್ ಎಳೆದಿದೀನೋ ಅಲ್ಲಿಂದಾನೇ ಇದಕ್ಕೂ ಕೊಟ್ಬಿಡ್ತೀನಿ ಅಂತಾನೆ. ಇನ್ನೊಂದು ವಿಷ್ಯ, ಎರಡು ಬ್ಯಾಟ್ರಿ ಒಟ್ಟಿಗೇ ಹಾಕ್ಸಿದ್ರೂ ಒಂದು ಬೇಗ ಹೋಗ್ತಿದೆ, ಯಾಕೆ?
— ಒಬ್ಬ ಲಾರಿ ಮಾಲೀಕ, ಮುಳಬಾಗಿಲು

ಉತ್ತರ: ಅಣ್ಣಾ, ನೀವು ಕೊನೇಲಿ ಕೇಳಿದ್ರಲ್ಲ ಬ್ಯಾಟ್ರಿ ವಿಷ್ಯ, ನಾನು ಅದನ್ನೇ ಮೊದ್ಲು ಹೇಳ್ತೀನಿ, ಯಾಕಂದ್ರೆ ರೇಡಿಯೋ ಹಾಕ್ಸೋದಕ್ಕೂ ಅದಕ್ಕೂ ನೇರ ಸಂಬಂಧ ಇದೆ. ನಿಮ್ಮ ಲಾರೀಲಿ 12 ವೋಲ್ಟಿನ ಎರಡು ಬ್ಯಾಟ್ರಿ ಸಾಲಾಗಿ ಸೇರಿಸಿ 24 ವೋಲ್ಟ್ ಮಾಡಿರ್ತಾರೆ. ಅದರಲ್ಲಿ ಒಂದರಿಂದ ಮಾತ್ರ ಕರೆಂಟ್ ಎಳೆದ್ರೆ ಆ ಬ್ಯಾಟ್ರಿ ಇಳೀತಾ ಹೋಗುತ್ತೆ, ಆದ್ರೆ ಆಲ್ಟರ್ನೇಟರ್‌ಗೆ ಅದು ಗೊತ್ತಾಗಲ್ಲ, ಅದು ಎರಡೂ ಸೇರಿದ ವೋಲ್ಟೇಜ್ ಮಾತ್ರ ನೋಡುತ್ತೆ, ಹಂಗಾಗಿ ಇಳಿದಿರೋದು ಪೂರ್ತಿ ತುಂಬಲ್ಲ, ತುಂಬಿರೋದಕ್ಕೆ ಜಾಸ್ತಿ ಚಾರ್ಜ್ ಹೋಗಿ ಒಳಗೆ ನೀರು ಕುದಿಯುತ್ತೆ. ತುಮಕೂರಲ್ಲಿ ನಮ್ಮ ಶೆಡ್‌ಗೆ ಹಿಂಗೇ ಒಂದು ಕೊಬ್ಬರಿ ಲಾರಿ ಬಂದಿತ್ತು. ಇಂಜಿನ್ ಸ್ಟಾರ್ಟ್ ಮಾಡಿಸಿ ಮೀಟರ್ ಇಟ್ಟೆ, ಎರಡೂ ಸೇರಿ 28 ವೋಲ್ಟ್ ಸರಿಯಾಗೇ ತೋರಿಸ್ತು, ಬೇರೆ ಬೇರೆ ಇಟ್ಟು ನೋಡಿದ್ರೆ ಒಂದು 12.8, ಇನ್ನೊಂದು 15.2. ಆ ಎರಡನೇದರ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ರೆ ಪ್ಲೇಟುಗಳೆಲ್ಲ ಒಣಗಿ ಮೇಲೆ ಕಾಣ್ತಿದ್ವು, ಪಕ್ಕದ ಗೋಡೆ ಉಬ್ಬಿತ್ತು. ಡ್ರೈವರ್ ಪಾಪ ಬ್ಯಾಟ್ರಿ ಕಂಪ್ನಿಯವ್ರನ್ನ ಬೈಕೊಂಡು ಬಂದಿದ್ದ. ತಪ್ಪು ಬ್ಯಾಟ್ರೀದಲ್ಲ, 12 ವೋಲ್ಟ್ ಎಳೆಯೋಕೆ ಅಂತ ಎರಡರ ಮಧ್ಯದಲ್ಲಿ ಕಚ್ಚಿಸಿದ್ದ ಒಂದು ಕೆಂಪು ವೈರ್‌ದು.

ಅಮೆರಿಕಾ ಟ್ರಕ್ಕುಗಳಲ್ಲಿ ಈ ತಲೆನೋವಿಲ್ಲ, ಅಲ್ಲಿ ಇಡೀ ಗಾಡಿನೇ 12 ವೋಲ್ಟು, ಸಿಬಿ ಸೆಟ್ಟುಗಳೂ ಹೆಚ್ಚಾಗಿ ಅದೇ ಲೆಕ್ಕಕ್ಕೆ ಮಾಡಿರೋವು. ಆ ಸೆಟ್ಟಿಗೆ ನೇರವಾಗಿ 24 ಕೊಟ್ರೆ ಸುಟ್ಟೇ ಹೋಗುತ್ತೆ. ಆದ್ರಿಂದ 24 ರಿಂದ 12ಕ್ಕೆ ಇಳಿಸೋ ಕನ್ವರ್ಟರ್ ಒಂದು ತಗೊಳ್ಳಿ. 4 ವ್ಯಾಟಿನ ಸೆಟ್ಟು ಮಾತಾಡುವಾಗ ಸುಮಾರು 2 ಆಂಪ್ ಎಳೆಯುತ್ತೆ ಅಷ್ಟೇ, ಆದ್ರೂ 10 ಆಂಪಿಂದೇ ತಗೊಳ್ಳಿ, ಆ ಮ್ಯೂಸಿಕ್ ಸಿಸ್ಟಮ್ಮನ್ನೂ ಅದಕ್ಕೇ ಹಾಕ್ಸಿ ಹಳೇ ವೈರ್ ಕಿತ್ತು ಹಾಕ್ಸಿ. ದೊಡ್ಡ ಆಂಪ್ಲಿಫೈಯರ್ ಇದ್ರೆ ಇನ್ನೂ ದೊಡ್ಡದು ಬೇಕು. 24ರ ಪಾಸಿಟಿವ್ ವೈರ್‌ಗೆ ಬ್ಯಾಟ್ರಿ ಪಕ್ಕದಲ್ಲೇ ಫ್ಯೂಸ್ ಇರ್ಲಿ, ಕ್ಯಾಬಿನ್ ಒಳಗಲ್ಲ, ಯಾಕಂದ್ರೆ ಮಧ್ಯದಲ್ಲಿ ವೈರ್ ಉಜ್ಜಿ ಚಾಸಿಗೆ ತಾಗಿದ್ರೆ ಕ್ಯಾಬಿನ್ ಒಳಗಿರೋ ಫ್ಯೂಸ್ ಏನೂ ಕಾಪಾಡಲ್ಲ. ತಗಡು ತೂರಿ ಬರೋ ಕಡೆ ರಬ್ಬರ್ ಬುಷ್ ಹಾಕ್ಸಿ, ಎತ್ತೋ ಕ್ಯಾಬಿನ್ ಆದ್ರೆ ವೈರ್ ಸ್ವಲ್ಪ ಸಡಿಲ ಬಿಡಿಸಿ.

ಇನ್ನು ಆಂಟೆನಾ. ಸೆಟ್ಟಿಗಿಂತ ಇದೇ ಮುಖ್ಯ ಅಂತ ನಾನು ಹೇಳ್ತೀನಿ. ಸಿಬಿ ಬಳಸೋ 27 ಮೆಗಾಹರ್ಟ್ಸ್ ಅಲೆ ಸುಮಾರು 11 ಮೀಟರ್ ಉದ್ದ, ಅದರಲ್ಲಿ ಕಾಲು ಭಾಗ ಅಂದ್ರೂ ಎರಡೂಮುಕ್ಕಾಲು ಮೀಟರ್ ಕಡ್ಡಿ ಬೇಕು, ಅಷ್ಟುದ್ದ ಲಾರಿ ಮೇಲೆ ನಿಲ್ಸೋಕಾಗಲ್ಲ, ಅದಕ್ಕೇ ಕಾಯಿಲ್ ಸುತ್ತಿರೋ ಗಿಡ್ಡ ಆಂಟೆನಾ ಮಾಡ್ತಾರೆ. ಅದು ಕೆಲಸ ಮಾಡ್ಬೇಕಂದ್ರೆ ಕೆಳಗೆ ತಗಡು ಬೇಕು. ಬಾಡಿ ಬಿಲ್ಡಿಂಗಲ್ಲಿ ಮರ, ಫೈಬರ್ ಹಾಕಿ ಕಟ್ಟಿಸಿರೋ ಕ್ಯಾಬಿನ್ ಆದ್ರೆ ಟಾಪ್ ಮೇಲೆ ಬೇಡ, ಕನ್ನಡಿ ಕಂಬಿಗೆ ಕ್ಲ್ಯಾಂಪ್ ಮಾಡ್ಸಿ, ಕ್ಲ್ಯಾಂಪ್ ಕೂರೋ ಜಾಗದಲ್ಲಿ ಪೈಂಟ್ ಪೂರ್ತಿ ಕೆರೆದು ಕಬ್ಬಿಣ ಹೊಳೆಯೋ ತನಕ ಎಮರಿ ಪೇಪರ್ ಹಾಕಿ ಉಜ್ಜಿ, ಆಮೇಲೆ ಚಾಸಿಗೂ ಅದಕ್ಕೂ ಮೀಟರ್ ಹಿಡಿದ್ರೆ ಬಝರ್ ಹೊಡೀಬೇಕು. ಹೊಡೀಲಿಲ್ಲ ಅಂದ್ರೆ ಒಂದು ಅರ್ಥಿಂಗ್ ಪಟ್ಟಿ ಎಳೆಸಿ. ಕೇಬಲ್ 50 ಓಮ್‌ದೇ ಇರ್ಬೇಕು, ಟಿವಿ ಡಿಶ್ ಕೇಬಲ್ ಉಳಿದಿದೆ ಅಂತ ಹಾಕೋಕೆ ಬಿಡಬೇಡಿ, ಅದು 75.

ಹಾಕಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ಇಟ್ಟು ನೋಡದೇ ಮೈಕ್ ಬಟನ್ ಒತ್ತಿ ಮಾತಾಡೋಕೆ ಶುರು ಮಾಡಬೇಡಿ, ದಯವಿಟ್ಟು. ಸೆಟ್ಟಿಂದ ಹೋದ ಪವರ್‌ನಲ್ಲಿ ಎಷ್ಟು ಆಂಟೆನಾದಿಂದ ವಾಪಸ್ ಬರ್ತಿದೆ ಅಂತ ಅದು ತೋರಿಸುತ್ತೆ. 1.5 ಒಳಗೆ ಬಂದ್ರೆ ಚೆನ್ನಾಗಿದೆ, 2ರ ತನಕ ನಡಿಯುತ್ತೆ, 3 ದಾಟಿದ್ರೆ ನಿಲ್ಸಿ, ಸೆಟ್ಟಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತೆ. ಶೆಡ್ ಒಳಗೆ ನೋಡಬೇಡಿ, ಬಯಲಲ್ಲಿ ಲಾರಿ ನಿಲ್ಸಿ ಬಾಗಿಲು ಹಾಕ್ಕೊಂಡು ನೋಡಿ. ಮೇಲಿನ ಚಾನೆಲ್‌ಗಳಲ್ಲಿ ರೀಡಿಂಗ್ ಜಾಸ್ತಿ ಇದ್ರೆ ಕಡ್ಡಿ ಉದ್ದ ಆಯ್ತು ಅಂತ, ಕೆಳಗಿನ ಚಾನೆಲ್‌ನಲ್ಲಿ ಜಾಸ್ತಿ ಇದ್ರೆ ಗಿಡ್ಡ ಆಯ್ತು ಅಂತ. ಸ್ವಲ್ಪ ಸ್ವಲ್ಪವೇ ಸರಿಸಿ.

ಲೈಸೆನ್ಸ್ ವಿಷ್ಯಕ್ಕೆ ಬಂದ್ರೆ, ನಮ್ಮ ದೇಶದಲ್ಲಿ 26.957 ರಿಂದ 27.283 ಮೆಗಾಹರ್ಟ್ಸ್ ತನಕ, 5 ವ್ಯಾಟ್ ಒಳಗೆ ಆದ್ರೆ ಲೈಸೆನ್ಸ್ ಬೇಡ. ಆದ್ರೆ ಸೆಟ್ಟಿಗೆ ರೇಡಿಯೋ ಸಾಧನಗಳನ್ನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಡಬ್ಲ್ಯುಪಿಸಿ ವಿಭಾಗದಿಂದ ಇಟಿಎ ಅನ್ನೋ ಒಪ್ಪಿಗೆ ಇರ್ಬೇಕು, ಅಂಗಡೀಲಿ ಆ ಕಾಗದ ಕೇಳಿ, ಸೆಟ್ಟಿಗೇ ಅಂಟಿಕೊಂಡಿರೋ ಆಂಟೆನಾ ಬೇರೆ, ಹೊರಗೆ ನಿಲ್ಸೋದು ಬೇರೆ, ನೀವು ಹೊರಗೆ ನಿಲ್ಸೋದ್ರಿಂದ ಅದೂ ಸೇರಿಸಿ ಒಪ್ಪಿಗೆ ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ. ಪವರ್ ಜಾಸ್ತಿ ಮಾಡೋ ಲೀನಿಯರ್ ಅಂತ ಡಬ್ಬ ಮಾರ್ತಾರೆ, ಅದು ಖಂಡಿತ ಬೇಡ.

ದೂರ ಎಷ್ಟು ಬರುತ್ತೆ ಅಂದ್ರೆ ಬಯಲಲ್ಲಿ ಲಾರಿಯಿಂದ ಲಾರಿಗೆ ಐದಾರು ಕಿಲೋಮೀಟರ್ ಅಂದ್ಕೊಳ್ಳಿ. ನರಸಾಪುರದಿಂದ ಕೋಲಾರದ ಕಡೆ ರಸ್ತೇಲಿ ಚೆನ್ನಾಗಿ ಕೇಳುತ್ತೆ, ಘಾಟ್‌ನಲ್ಲಿ ಗುಡ್ಡ ಅಡ್ಡ ಬಂದ್ರೆ ಒಂದೆರಡು ಕಿಲೋಮೀಟರ್‌ಗೇ ಕಟ್ ಆಗಬಹುದು. ಅದಕ್ಕೆ ಘಾಟ್ ಹತ್ತೋ ಮುಂಚೆ ನಾಲ್ಕೂ ಲಾರಿ ಹತ್ತಿರ ಸೇರ್ಕೊಳ್ಳಿ, ಐದೈದು ನಿಮಿಷಕ್ಕೆ ಹಿಂದಿನವ್ನು ಒಂದು ಮಾತು ಹೇಳ್ಲಿ, ದನಿ ಬರಲಿಲ್ಲ ಅಂದ್ರೆ ಮುಂದಿನವ್ರು ಜಾಗ ನೋಡಿ ನಿಲ್ಸಿ. ಮೈಕ್ ಕ್ಲೀನರ್ ಕೈಲಿರ್ಲಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ್ಮೇಲೆ ಓಡಿಸ್ತಾ ಕೈಯಲ್ಲಿ ಹಿಡಿಯೋ ಸಂಪರ್ಕ ಸಾಧನ ಬಳಸೋದು ಅಪಾಯಕಾರಿ ಚಾಲನೆ ಲೆಕ್ಕಕ್ಕೆ ಬರುತ್ತೆ, ಕಾನೂನು ಬಿಡಿ, ಘಾಟ್ ತಿರುವಲ್ಲಿ ಎರಡೂ ಕೈ ಸ್ಟೇರಿಂಗ್ ಮೇಲೇ ಇರ್ಬೇಕು.

ಪ್ರಶ್ನೆ: ನಮ್ಮ ಭಾವ ಅಮೆರಿಕಾದಿಂದ 40 ಚಾನೆಲ್ಲಿನ ಸಿಬಿ ಸೆಟ್ ತಂದಿದಾರೆ, ನಮ್ಮ ಪಿಕಪ್‌ಗೆ ಹಾಕ್ಕೋಬಹುದಾ? ಅಲ್ಲಿ 19ನೇ ಚಾನೆಲ್ ಲಾರಿಯವ್ರದ್ದಂತೆ.
— ಓದುಗರು, ಶಿಡ್ಲಘಟ್ಟ

ಉತ್ತರ: 19 ಅಂದ್ರೆ 27.185 ಮೆಗಾಹರ್ಟ್ಸ್, ಅದು ನಮ್ಮ ಬ್ಯಾಂಡ್ ಒಳಗೇ ಬರುತ್ತೆ. ಆದ್ರೆ 40 ಚಾನೆಲ್‌ನಲ್ಲಿ ನಮಗೆ ಸಲ್ಲೋದು 27ನೇ ಚಾನೆಲ್ ತನಕ ಮಾತ್ರ, 28ನೇದು 27.285, ಗಡಿ ದಾಟಿಬಿಡುತ್ತೆ. ಜೊತೆಗೆ ಹೊರಗಿಂದ ತಂದ ಸೆಟ್ಟಿಗೆ ಇಲ್ಲಿನ ಒಪ್ಪಿಗೆ ಇರಲ್ಲ, ಅದಿಲ್ಲದೆ ಹಾಕಬೇಡಿ. ನಿಮ್ಮ ಪಿಕಪ್ 12 ವೋಲ್ಟ್ ಆಗಿದ್ರೆ ಕನ್ವರ್ಟರ್ ಬೇಡ, ಇಂಜಿನ್ ಸ್ಟಾರ್ಟ್ ಮಾಡಿ ಬ್ಯಾಟ್ರಿಗೆ ಮೀಟರ್ ಹಿಡಿದು ನೋಡಿ, 14ರ ಹತ್ರ ಬಂದ್ರೆ 12, 28ರ ಹತ್ರ ಬಂದ್ರೆ 24.