ಮಗು ಮೊದಲ ಸಲ ಸ್ಕೂಲ್ ಬಸ್ ಹತ್ತುವಾಗ ಏನು ಹೇಳಿಕೊಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಮಗಳು ಒಂದನೇ ಕ್ಲಾಸಿಗೆ ಸೇರಿದ್ದಾಳೆ, ಮುಂದಿನ ವಾರದಿಂದ ಸ್ಕೂಲ್ ಬಸ್ಸಿನಲ್ಲಿ ಹೋಗಬೇಕು. ಶಾಲೆಯವರು ಎರಡು ಪುಟ ನಿಯಮ ಕಳಿಸಿದ್ದಾರೆ, ಅದರಲ್ಲಿ ನಿಜವಾಗಿ ಮುಖ್ಯವಾದದ್ದು ಯಾವುದು ಅಂತ ಕೇಳಿದ್ದೀರಿ. ಬಸ್ಸಿನಲ್ಲಿ ಸೀಟ್ ಬೆಲ್ಟ್ ಇಲ್ಲ ಅನ್ನುವುದು ನಿಮ್ಮ ದೊಡ್ಡ ಭಯ.

ಶಾಲೆಯೊಂದರ ಬಸ್ಸುಗಳ ಉಸ್ತುವಾರಿ ನನ್ನ ಕೆಲಸ. ದಿನಾ ಬೆಳಿಗ್ಗೆ ಮಕ್ಕಳನ್ನು ಇಳಿಸಿಕೊಳ್ಳುತ್ತೇನೆ, ಸಂಜೆ ಹತ್ತಿಸಿ ಕಳಿಸುತ್ತೇನೆ. ನಾನು ಎಲ್ಲಾ ಅಪ್ಪ ಅಮ್ಮಂದಿರಿಗೂ ಮೊದಲು ಹೇಳುವುದು ಒಂದೇ ಮಾತು. ಮಗು ಬಸ್ಸಿನ ಒಳಗೆ ಕೂತಿರುವ ಹೊತ್ತಿಗಿಂತ, ಹತ್ತುವ ಮೊದಲು ಮತ್ತು ಇಳಿದ ಮೇಲೆ ಬಸ್ಸಿನ ಪಕ್ಕದಲ್ಲಿ ಇರುವ ಅರ್ಧ ನಿಮಿಷಕ್ಕೆ ಜಾಸ್ತಿ ಹೆದರಿ. ನಿಮ್ಮ ಗಮನವೆಲ್ಲ ಅಲ್ಲಿರಲಿ.

ಡ್ರೈವರ್ ಎತ್ತರದಲ್ಲಿ ಕೂತಿರುತ್ತಾರೆ. ದೂರದ ರಸ್ತೆ ಅವರಿಗೆ ಚೆನ್ನಾಗಿ ಕಾಣುತ್ತದೆ. ಬಂಪರಿಗೆ ಒರಗಿ ನಿಂತ ಆರು ವರ್ಷದ ಮಗು ಮಾತ್ರ ಕಾಣುವುದಿಲ್ಲ. ಹಿಂದಿನ ಚಕ್ರದ ಪಕ್ಕ ಬಗ್ಗಿದ ಮಗುವೂ ಕನ್ನಡಿಯಲ್ಲಿ ತಪ್ಪಿಹೋಗಬಹುದು. ಬಸ್ಸಿನ ಸುತ್ತ ಎಲ್ಲಾ ಕಡೆ ಸುಮಾರು 10 ಅಡಿ, ಅಂದರೆ 3 ಮೀಟರ್ ಜಾಗವನ್ನು ಅಪಾಯದ ಜಾಗ ಅಂತಲೇ ಲೆಕ್ಕ ಹಾಕುತ್ತಾರೆ.

ಇದನ್ನು ನೀವೇ ಒಂದು ಸಲ ನೋಡಬೇಕು. ಬಸ್ ಶಾಲೆಯ ಆವರಣದಲ್ಲಿ ಆಫ್ ಆಗಿ ನಿಂತಿರುವಾಗ ಡ್ರೈವರನ್ನು ಕೇಳಿ, ಅವರ ಸೀಟಿನಲ್ಲಿ ಕೂತು ನೋಡಿ. ಮಗಳನ್ನು ಮುಂದಿನ ಬಂಪರ್ ಹತ್ತಿರ ನಿಲ್ಲಿಸಿ. ಗಾಜಿನ ಆಚೆ ಬರೀ ನೆಲ ಕಾಣುತ್ತದೆ, ಮಗು ಇಲ್ಲ. ಈಗ ಅವಳಿಗೆ ಒಂದೊಂದೇ ಹೆಜ್ಜೆ ದೂರ ಹೋಗಲು ಹೇಳಿ. ಮೊದಲು ತಲೆಯ ರಿಬ್ಬನ್ ಕಾಣುತ್ತದೆ, ಆಮೇಲೆ ಹಣೆ, ಆಮೇಲೆ ಕಣ್ಣು. ಪೂರ್ತಿ ಮುಖ ಕಂಡ ಜಾಗದಲ್ಲಿ ಅವಳನ್ನು ನಿಲ್ಲಿಸಿ, 'ನಿನಗೆ ಈಗ ನನ್ನ ಮುಖ ಕಾಣುತ್ತಾ?' ಅಂತ ಕೇಳಿ. ನಾವು ಹೊಸ ಮಕ್ಕಳಿಗೆ ಇದನ್ನೇ ಮಾಡಿಸುತ್ತೇವೆ. 'ಡ್ರೈವರ್ ಅಂಕಲ್ ಮುಖ ನಿನಗೆ ಕಾಣಿಸದಿದ್ದರೆ, ಅವರಿಗೂ ನೀನು ಕಾಣಿಸ್ತಿಲ್ಲ' ಅನ್ನುವ ಮಾತು ಆರು ವರ್ಷದವರಿಗೂ ಥಟ್ಟನೆ ಅರ್ಥವಾಗುತ್ತದೆ. ಮೀಟರ್, ಅಡಿ ಅಂತ ಹೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ.

ಇನ್ನು ಬಿದ್ದ ವಸ್ತುವಿನ ವಿಷಯ. ಇಳಿಯುವಾಗ ಪೆನ್ಸಿಲ್ ಬಾಕ್ಸೋ, ನೀರಿನ ಬಾಟಲಿಯೋ ಕೈಜಾರಿ ಬಸ್ಸಿನ ಕೆಳಗೆ ಉರುಳುತ್ತದೆ. ಮಗು ತಕ್ಷಣ ಬಗ್ಗುತ್ತದೆ. ಅದು ಬಗ್ಗಿದ ಕ್ಷಣದಲ್ಲೇ ಬಸ್ ಹೊರಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಎರಡು ಕೆಲಸ ಮಾಡಿ. ಕೈಯಲ್ಲಿ ಬಿಡಿ ಸಾಮಾನು ಇರದಂತೆ ಎಲ್ಲವೂ ಬ್ಯಾಗಿನ ಒಳಗೆ ಹೋಗಲಿ, ಜಿಪ್ ಹಾಕಿರಲಿ. ಆಮೇಲೆ ಮನೆಯಲ್ಲೇ ಆಟದ ಹಾಗೆ ಅಭ್ಯಾಸ ಮಾಡಿಸಿ. ಮಂಚವನ್ನೇ ಬಸ್ ಅಂದುಕೊಳ್ಳಿ. ಬೇಕಂತಲೇ ಪೆನ್ಸಿಲ್ ಬೀಳಿಸಿ. ಅವಳು ಬಗ್ಗಬಾರದು, ಹಿಂದೆ ಸರಿದು ದೊಡ್ಡವರನ್ನು ಕರೆಯಬೇಕು. ಹೋದರೆ ಹೋಗಲಿ, ಹೊಸದು ಕೊಡಿಸುತ್ತೇವೆ ಅಂತ ನೀವು ಬಾಯಿಬಿಟ್ಟು ಹೇಳಬೇಕು. ವಸ್ತು ಕಳೆದರೆ ಮನೆಯಲ್ಲಿ ಬೈಸಿಕೊಳ್ಳುವ ಮಗು ಬಗ್ಗೇ ಬಗ್ಗುತ್ತದೆ. ಈ ಮಾತು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಬಟ್ಟೆ ಮತ್ತು ಬ್ಯಾಗು ಕೂಡ ನೋಡಿ. ಜಾಕೆಟ್ಟಿನ ಟೋಪಿಯ ದಾರ, ಉದ್ದನೆಯ ಬ್ಯಾಗ್ ಪಟ್ಟಿ, ನೇತಾಡುವ ಕೀಚೈನ್, ಸ್ಕಾರ್ಫ್, ಇವೆಲ್ಲ ಮೆಟ್ಟಿಲ ಪಕ್ಕದ ಕಂಬಿಗೋ ಬಾಗಿಲಿಗೋ ಸಿಕ್ಕಿಕೊಳ್ಳುತ್ತವೆ. ಅಮೆರಿಕದಲ್ಲಿ ಜಾಕೆಟ್ ದಾರ ಹೀಗೆ ಸಿಕ್ಕಿ, ಬಸ್ ಹೊರಟು, ಮಕ್ಕಳು ಸತ್ತಿದ್ದಾರೆ. ಆಮೇಲೆ ಅಲ್ಲಿ ಕಂಬಿ ಪರೀಕ್ಷಿಸುವ ಒಂದು ಸುಲಭ ವಿಧಾನ ಬಂತು: ದಾರದ ತುದಿಗೆ ಒಂದು ನಟ್ಟು ಕಟ್ಟಿ, ಕಂಬಿ ಮತ್ತು ಗೋಡೆಯ ನಡುವೆ ಇಳಿಬಿಟ್ಟು, ಮಗು ಇಳಿಯುವ ದಿಕ್ಕಿಗೆ ಎಳೆಯುವುದು. ನಟ್ಟು ಎಲ್ಲಾದರೂ ಸಿಕ್ಕಿಕೊಂಡರೆ ಆ ಕಂಬಿ ಸರಿಪಡಿಸಬೇಕು. ನಿಮ್ಮ ಶಾಲೆಯ ಬಸ್ಸಿಗೂ ಇದನ್ನು ಮಾಡಿ ನೋಡಲು ಹೇಳಬಹುದು, ಐದು ನಿಮಿಷದ ಕೆಲಸ.

ಈಗ ನಿಮ್ಮದೇ ಪಾತ್ರ. ಸಂಜೆ ಮಗುವನ್ನು ಕರೆದುಕೊಳ್ಳಲು ಬಂದವರು ರಸ್ತೆಯ ಆಚೆ ಬದಿಯಲ್ಲಿ ನಿಂತು ಕೈ ಬೀಸುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅಮ್ಮನ ಮುಖ ಕಂಡ ಮಗು ಎಡ ಬಲ ನೋಡುವುದಿಲ್ಲ, ಓಡುತ್ತದೆ. ಬಸ್ಸಿನ ಬಾಗಿಲು ಯಾವ ಕಡೆ ತೆರೆಯುತ್ತದೋ ಆ ಕಡೆಯೇ ನಿಂತಿರಿ. ಬಾಗಿಲಿಗೆ ಅಂಟಿಕೊಂಡೂ ಬೇಡ, ಒಂದಷ್ಟು ದೂರ ಇರಿ, ಇಳಿದ ಕೂಡಲೇ ಕೈ ಹಿಡಿದುಕೊಳ್ಳಿ. ರಸ್ತೆ ದಾಟಬೇಕಿದ್ದರೆ ಬಸ್ ಹೋದ ಮೇಲೆ, ಎರಡೂ ಕಡೆ ಕಾಣುವಾಗ, ಕೈ ಹಿಡಿದೇ ದಾಟಿ.

ಇಷ್ಟು ಚಿಕ್ಕ ಮಗು ತಾನೇ ದಾಟಲಿ ಅಂತ ಬಿಡುವುದು ಬೇಡ. ಇಂಗ್ಲೆಂಡಿನ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು ಪ್ರಾಥಮಿಕ ಶಾಲೆಯ ಮಕ್ಕಳ ಮೇಲೆ ಪರೀಕ್ಷೆ ಮಾಡಿದ್ದರು. ಗಂಟೆಗೆ ಸುಮಾರು 32 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಬರುವ ಗಾಡಿಯ ವೇಗವನ್ನು ಈ ವಯಸ್ಸಿನವರು ಸರಿಯಾಗಿ ಅಂದಾಜು ಮಾಡಲಾರರು ಅಂತ ಅದರಲ್ಲಿ ಕಂಡುಬಂತು. ಮಗು ಎಷ್ಟು ಚುರುಕಾಗಿದ್ದರೂ ಇದು ಇನ್ನೂ ಬಲಿಯದ ಶಕ್ತಿ. ಬೈದು ಕಲಿಸುವಂಥದ್ದಲ್ಲ, ಬೆಳೆಯುವ ತನಕ ನಾವು ಜೊತೆಗಿರಬೇಕು ಅಷ್ಟೇ. ಅಮೆರಿಕ, ಕೆನಡಾಗಳಲ್ಲಿ ಸ್ಕೂಲ್ ಬಸ್ ಕೆಂಪು ದೀಪ ಹಾಕಿ ಸ್ಟಾಪ್ ಫಲಕ ಚಾಚಿದರೆ ಉಳಿದ ಗಾಡಿಗಳು ನಿಲ್ಲಲೇಬೇಕೆಂಬ ಕಾನೂನಿದೆ. ಅಲ್ಲೂ ನಿಲ್ಲಿಸದೆ ನುಗ್ಗುವವರು ಇದ್ದಾರೆ. ಹಾಗಾಗಿ ಬಸ್ ನಿಂತಿದೆ, ಎಲ್ಲರೂ ನಿಲ್ಲುತ್ತಾರೆ ಅಂತ ಮಗುವಿಗೆ ಹೇಳಿಕೊಡಬೇಡಿ.

ಬಸ್ಸಿಗೆ ಹಳದಿ ಬಣ್ಣ ಬಂದದ್ದೂ ಇದೇ ಕಾಳಜಿಯಿಂದ. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಅನ್ನುವ ಪ್ರಾಧ್ಯಾಪಕರು ಸಭೆ ಕರೆದು ಸ್ಕೂಲ್ ಬಸ್ಸಿನ ಅಳತೆ, ಬಣ್ಣ ಎಲ್ಲ ತೀರ್ಮಾನಿಸಿದರು. ಬೆಳಗಿನ ಮಂದ ಬೆಳಕಲ್ಲೂ ಹಳದಿಯ ಮೇಲಿನ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ ಅನ್ನುವುದು ಕಾರಣ. ಆದರೆ ಬಸ್ಸಿನಿಂದ ಇಳಿದ ಮಗುವಿಗೆ ಆ ಬಣ್ಣದ ರಕ್ಷಣೆ ಇರುವುದಿಲ್ಲ ಅಲ್ವಾ? ಬ್ಯಾಗಿಗೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ. ಮಳೆಗಾಲದ ಕೋಟು ಗಾಢ ಬಣ್ಣದ್ದಾಗುವ ಬದಲು ಎದ್ದು ಕಾಣುವ ಬಣ್ಣದ್ದಿರಲಿ.

ಸೀಟ್ ಬೆಲ್ಟ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಭಯದಲ್ಲಿ ಅರ್ಥವಿದೆ, ಆದರೆ ಬೆಲ್ಟ್ ಇಲ್ಲದ ದೊಡ್ಡ ಬಸ್ ಅಂದರೆ ರಕ್ಷಣೆಯೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ 1977ರಿಂದ ದೊಡ್ಡ ಸ್ಕೂಲ್ ಬಸ್ಸುಗಳಲ್ಲಿ ಎತ್ತರದ, ಮೆತ್ತನೆಯ ಒರಗುಳ್ಳ ಸೀಟುಗಳನ್ನು ಹತ್ತಿರ ಹತ್ತಿರ ಇಡಬೇಕೆಂಬ ನಿಯಮ ಬಂತು. ಎದುರಿನಿಂದ ಡಿಕ್ಕಿಯಾದರೆ ಮಗು ಮುಂದಿನ ಸೀಟಿನ ಮೆತ್ತೆಗೆ ತಾಗಿ ನಿಲ್ಲುತ್ತದೆ, ಮೊಟ್ಟೆ ಟ್ರೇಯಲ್ಲಿ ಮೊಟ್ಟೆ ಕೂತ ಹಾಗೆ. ಬಸ್ ಮಗುಚಿದರೆ ಅಥವಾ ಪಕ್ಕದಿಂದ ಡಿಕ್ಕಿಯಾದರೆ ಇದು ಸಾಲದು, ಆಗ ಬೆಲ್ಟೇ ಬೇಕು. ವ್ಯಾನ್, ಮಿನಿ ಬಸ್ಸುಗಳು ಹಗುರ, ಅವುಗಳಲ್ಲಂತೂ ಬೆಲ್ಟ್ ಇರಲೇಬೇಕು. ನೀವು ಶಾಲೆಗೆ ಕೇಳಬೇಕಾದದ್ದು: ಸೀಟುಗಳ ಒರಗು ಎಷ್ಟು ಎತ್ತರ, ಹಿಂಬದಿಯಲ್ಲಿ ಬರೀ ಕಬ್ಬಿಣದ ಕಂಬಿ ಇದೆಯಾ ಅಥವಾ ಮೆತ್ತೆ ಇದೆಯಾ, ಮಕ್ಕಳನ್ನು ನಿಲ್ಲಿಸಿಕೊಂಡು ಹೋಗುತ್ತೀರಾ. ಈ ಮೂರನೆಯದಕ್ಕೆ ಹೌದು ಅಂತ ಉತ್ತರ ಬಂದರೆ ಒಪ್ಪಬೇಡಿ. ಬೆಲ್ಟ್ ಇರಲಿ ಬಿಡಲಿ, ಸೀಟಿನಲ್ಲಿ ಬೆನ್ನು ಒರಗಿಸಿ ಮುಂದಕ್ಕೆ ನೋಡಿ ಕೂತ ಮಗುವಿಗೆ ಮಾತ್ರ ಆ ಸೀಟು ಉಪಯೋಗಕ್ಕೆ ಬರುವುದು.

ಒಳಗಿನ ಉಳಿದ ನಿಯಮಗಳು ನಿಮ್ಮ ಎರಡು ಪುಟದಲ್ಲೇ ಇರುತ್ತವೆ. ಕಿಟಕಿಯಿಂದ ಕೈ, ತಲೆ ಹೊರಗೆ ಹಾಕಬಾರದು. ಓಡಾಡುವ ದಾರಿಯಲ್ಲಿ ಬ್ಯಾಗ್ ಇಡಬಾರದು. ರೈಲ್ವೆ ಗೇಟಿನ ಹತ್ತಿರ ಎಲ್ಲರೂ ಸುಮ್ಮನಿರಬೇಕು, ಡ್ರೈವರಿಗೆ ರೈಲಿನ ಸದ್ದು ಕೇಳಬೇಕಲ್ಲ. ತಿನ್ನಬಾರದು ಅನ್ನುವುದನ್ನು ಎಷ್ಟೋ ಮನೆಯವರು ಬರೀ ಸ್ವಚ್ಛತೆಯ ಮಾತು ಅಂದುಕೊಂಡಿದ್ದಾರೆ. ಓಡುವ ಬಸ್ಸಿನಲ್ಲಿ ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಡ್ರೈವರಿಗೆ ಗೊತ್ತೇ ಆಗುವುದಿಲ್ಲ. ಎಮರ್ಜೆನ್ಸಿ ಬಾಗಿಲು ಎಲ್ಲಿದೆ ಅಂತ ಮಗಳಿಗೆ ತೋರಿಸಿ, ಬೆಂಕಿ ಹೊಗೆ ಕಂಡರೆ ಬ್ಯಾಗ್ ಬಿಟ್ಟು ಇಳಿಯಬೇಕು ಅಂತ ಹೇಳಿ.

ಒಂದು ವಿಷಯಕ್ಕೆ ಮಾತ್ರ ಶಾಲೆಯ ಬೆನ್ನು ಬೀಳಿ. ಮಗು ಬಸ್ಸಿನಲ್ಲೇ ನಿದ್ದೆ ಹೋಗಿ ಯಾರೂ ನೋಡದೆ ಬಾಗಿಲು ಹಾಕಿಬಿಡುವುದು. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ, 2022ರಲ್ಲಿ ಜಪಾನಿನಲ್ಲಿ ಪುಟ್ಟ ಮಕ್ಕಳು ಹೀಗೆ ಬಿಸಿಲಿಗೆ ಬೆಂದ ಬಸ್ಸಿನೊಳಗೆ ಸತ್ತರು. ದೊಡ್ಡವರಿಗಿಂತ ಮಕ್ಕಳ ಮೈ ಎಷ್ಟೋ ಬೇಗ ಕಾಯುತ್ತದೆ. ಎರಡೂ ದೇಶಗಳು ಮರುವರ್ಷವೇ ಚಿಕ್ಕ ಮಕ್ಕಳ ಬಸ್ಸಿಗೆ ಎಚ್ಚರಿಕೆಯ ಸಾಧನ ಕಡ್ಡಾಯ ಮಾಡಿದವು. ಡ್ರೈವರ್ ಕೊನೆಯ ಸೀಟಿನ ತನಕ ನಡೆದು ಹೋಗಿ ಬಟನ್ ಒತ್ತದಿದ್ದರೆ ಅಲಾರಂ ಕೂಗುತ್ತದೆ. ಸಾಧನ ಇಲ್ಲದಿದ್ದರೂ ಆ ನಡಿಗೆ ಇರಲೇಬೇಕು. ನಮ್ಮಲ್ಲಿ ಡ್ರೈವರ್ ಒಮ್ಮೆ, ಆಯಾ ಒಮ್ಮೆ, ಸೀಟಿನ ಕೆಳಗೂ ಬಗ್ಗಿ ನೋಡಿದ ಮೇಲೆಯೇ ಬೀಗ. ನಿಮ್ಮ ಶಾಲೆಯಲ್ಲಿ ಇದು ಯಾರ ಜವಾಬ್ದಾರಿ ಅಂತ ಕೇಳಿ. ಮಗು ಕ್ಲಾಸಿಗೆ ಬರದಿದ್ದರೆ ಎಷ್ಟು ಹೊತ್ತಿಗೆ ಮನೆಗೆ ಫೋನ್ ಬರುತ್ತದೆ ಅಂತಲೂ ಕೇಳಿ. ನಿಮ್ಮ ಕಡೆಯಿಂದ, ಮಗಳು ಬರುವುದಿಲ್ಲ ಅಂದರೆ ತಪ್ಪದೆ ತಿಳಿಸಿ. ಮನೆಯವರು ಹೇಳದೇ ರಜೆ ಹಾಕಿಸುತ್ತಾ ಹೋದರೆ, ಮಗು ಕಾಣದ ದಿನ ಶಾಲೆಯವರೂ 'ರಜೆ ಇರಬೇಕು' ಅಂದುಕೊಂಡುಬಿಡುತ್ತಾರೆ.

ಸಂಜೆ ಯಾರು ಕರೆದುಕೊಳ್ಳುತ್ತಾರೆ ಅನ್ನುವುದು ಬದಲಾದರೆ ಶಾಲೆಗೆ ಮೊದಲೇ ಹೇಳಿ, ಮಗುವಿನ ಬಾಯಲ್ಲಿ ಹೇಳಿ ಕಳಿಸಬೇಡಿ. ಸ್ಟಾಪಿನಲ್ಲಿ ಗುರುತಿನವರು ಯಾರೂ ಇಲ್ಲದಿದ್ದರೆ ಇಳಿಯದೆ ಬಸ್ಸಿನಲ್ಲೇ ಕೂತಿರು ಅಂತ ಮಗಳಿಗೆ ಕಲಿಸಿ. ಬಸ್ಸಿನಲ್ಲಿ ದೊಡ್ಡ ಮಕ್ಕಳು ಕಾಡಿದರೂ, ಯಾರಾದರೂ ಮುಟ್ಟಿದ್ದು ಇಷ್ಟವಾಗದಿದ್ದರೂ ಮನೆಗೆ ಬಂದು ಹೇಳುವ ಧೈರ್ಯ ಅವಳಿಗಿರಲಿ. ದಿನಾ ಸಂಜೆ 'ಇವತ್ತು ಯಾರ ಪಕ್ಕ ಕೂತಿದ್ದೆ?' ಅಂತ ಕೇಳಿದರೆ ಎಷ್ಟೋ ವಿಷಯ ತಾನಾಗಿಯೇ ಹೊರಗೆ ಬರುತ್ತದೆ.

ಬೆಳಿಗ್ಗೆ ಐದು ನಿಮಿಷ ಮೊದಲೇ ಸ್ಟಾಪಿನಲ್ಲಿರಿ. ತಡವಾಯಿತು ಅಂತ ಅವಸರದಲ್ಲಿ ಓಡುವಾಗಲೇ ಮೇಲೆ ಹೇಳಿದ್ದೆಲ್ಲ ಮರೆತುಹೋಗುವುದು. ಬಸ್ ಹೊರಟುಬಿಟ್ಟರೆ ಹಿಂದೆ ಓಡಬೇಡಿ, ಬಾಗಿಲು ತಟ್ಟಬೇಡಿ, ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗಿ ಬಸ್ಸಿಗೆ ಅಡ್ಡ ಹಾಕಲೂ ಬೇಡಿ. ಅವತ್ತು ನೀವೇ ಶಾಲೆಗೆ ಬಿಟ್ಟು ಬನ್ನಿ.