ಕೇಳಿ, ಹೇಳುತ್ತೇನೆ: ಆಶ್ರಯ ಅಂದರೆ ಅಡಗಿಕೊಳ್ಳುವುದಾ?

ಪ್ರಶ್ನೆ: ಅಯ್ಯನವರೇ, ನನ್ನ ಕಾರಿಗೆ ಸಿಕ್ಕಿ ಒಬ್ಬರು ತೀರಿಕೊಂಡರು. ಕತ್ತಲಲ್ಲಿ ಏಕಾಏಕಿ ಅಡ್ಡ ಬಂದರು, ಬ್ರೇಕ್ ಹಾಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಿಚಾರಣೆಯಲ್ಲಿ ನನ್ನ ತಪ್ಪಿಲ್ಲ ಎಂದಾಯಿತು. ಆದರೂ ರಾತ್ರಿ ಕಣ್ಣು ಮುಚ್ಚಿದರೆ ಅದೇ ಸದ್ದು. ಸಭೆಯವರು, 'ಯೇಸುವಿನ ಆಶ್ರಯಕ್ಕೆ ಬಾ, ಎಲ್ಲ ಅವರ ಕೈಗೆ ಒಪ್ಪಿಸಿಬಿಡು' ಅನ್ನುತ್ತಾರೆ. ಹಾಗೆ ಮಾಡಿದರೆ ದೇವರ ಬೆನ್ನ ಹಿಂದೆ ಅಡಗಿಕೊಂಡ ಹಾಗಾಗುವುದಿಲ್ಲವಾ?
- ಹೆಸರು ಬೇಡ

ಉತ್ತರ: ನಿಮ್ಮ ಪತ್ರ ಓದಿ ನಾನು ತೆಗೆದದ್ದು ಬೈಬಲಿನ ಅರಣ್ಯಕಾಂಡದ 35ನೇ ಅಧ್ಯಾಯ. ಬೈಬಲನ್ನು ಮೊದಲಿಂದ ಕೊನೆವರೆಗೆ ಓದುವ ಹಟದವರೂ ಅಲ್ಲಿಗೆ ಬರುವಷ್ಟರಲ್ಲಿ ಆಕಳಿಸುತ್ತಾರೆ. ಆದರೆ ಅದರಲ್ಲಿ ನಿಮ್ಮಂಥವರಿಗೇ ಒಂದು ಏರ್ಪಾಡಿದೆ. ಬೇಕೆಂದು ಕೊಂದವನಿಗಲ್ಲ, ಗೊತ್ತಿಲ್ಲದೆ ಒಂದು ಜೀವ ಹೋಗಲು ಕಾರಣನಾದವನಿಗೆ. ಯೊರ್ದನ್ ಹೊಳೆಯ ಆಚೆ ಮೂರು, ಈಚೆ ಮೂರು, ಒಟ್ಟು ಆರು ಆಶ್ರಯನಗರಗಳು, ಸತ್ತವನ ಕಡೆಯವರ ಸೇಡಿನಿಂದ ತಪ್ಪಿಸಿಕೊಳ್ಳಲು ಓಡಿಹೋಗುವ ಊರುಗಳು. ಹೆಬ್ರೋನ್, ಶೆಕೆಮ್ ಅಂಥ ಹೆಸರಾಂತ ಊರುಗಳೂ ಅದರಲ್ಲಿದ್ದವು. ಪರದೇಶದವನಿಗೂ ಅಲ್ಲಿ ಜಾಗ ಇತ್ತು. ಧರ್ಮೋಪದೇಶಕಾಂಡದ 19ನೇ ಅಧ್ಯಾಯ ಉದಾಹರಣೆಯನ್ನೂ ಕೊಡುತ್ತದೆ. ಇಬ್ಬರು ಕಾಡಿಗೆ ಮರ ಕಡಿಯಲು ಹೋಗಿದ್ದಾರೆ. ಬೀಸಿದ ಕೊಡಲಿ ಕಾವಿನಿಂದ ಕಳಚಿ ಜೊತೆಗಾರನಿಗೆ ಬಡಿದು ಅವನು ಸಾಯುತ್ತಾನೆ.

ಈಗ ನಿಮ್ಮ ಪ್ರಶ್ನೆ. ಓಡಿ ಬಂದವನು ಸುಮ್ನೆ ಒಳಗೆ ನುಗ್ಗುವ ಹಾಗಿರಲಿಲ್ಲ. ಯೆಹೋಶುವನ ಗ್ರಂಥದ 20ನೇ ಅಧ್ಯಾಯ ನೋಡಿ. ಅವನು ಊರಬಾಗಿಲಲ್ಲಿ ನಿಂತು, ನಡೆದದ್ದನ್ನು ಹಿರಿಯರ ಮುಂದೆ ತನ್ನ ಬಾಯಿಂದಲೇ ಹೇಳಬೇಕಿತ್ತು. ವಿಚಾರಣೆಯೂ ಇತ್ತು. ಅಡಗಿಕೊಳ್ಳುವವನು ಹೀಗೆ ಬಾಗಿಲಲ್ಲಿ ನಿಂತು ಕೂಗಿ ಹೇಳುತ್ತಾನಾ?

ಒಳಗೆ ಹೋದ ಮೇಲೆ ಆ ಊರಿನ ಗಡಿ ದಾಟುವಂತಿಲ್ಲ. ದಾಟಿದರೆ, ಸತ್ತವನ ಕಡೆಯವನು ಸೇಡು ತೀರಿಸಿಕೊಂಡರೆ ಕೇಳುವವರಿಲ್ಲ. ಕಾಪಾಡುವ ಗೋಡೆಯೂ ಅದೇ, ಕಟ್ಟಿಹಾಕುವ ಗೋಡೆಯೂ ಅದೇ. ದೇವರಿಗೆ ಒಪ್ಪಿಸಿಕೊಡುವುದು ಅಂದರೆ ನನಗೆ ಅರ್ಥವಾಗಿರುವುದು ಇಷ್ಟೇ. ನಮ್ಮ ಸಭೆಗಳಲ್ಲಿ ಆಶ್ರಯದ ಹಾಡು ಜಾಸ್ತಿ, ಗಡಿಯ ಮಾತು ಕಡಿಮೆ. ಅದಕ್ಕೇ ನಿಮಗೆ ಅದು ಕಳ್ಳದಾರಿ ಅನ್ನಿಸಿದೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ಇನ್ನೊಂದು ನಿಯಮ ನಿಮಗೆ ಮುಖ್ಯ. ಆಗಿನ ಮಹಾಯಾಜಕ, ಅಂದರೆ ಮುಖ್ಯ ಪುರೋಹಿತ, ತೀರಿಕೊಂಡ ದಿನ ಆ ಮನುಷ್ಯನಿಗೆ ಬಿಡುಗಡೆ, ತನ್ನ ಊರಿಗೆ ಹೋಗಬಹುದು. ಅದಕ್ಕಿಂತ ಮೊದಲು ಹಣ ಕಟ್ಟಿ ಬಿಡಿಸಿಕೊಳ್ಳುವಂತಿಲ್ಲ. ನೀವು ರಾತ್ರಿಯೆಲ್ಲ ನಿದ್ದೆಗೆಟ್ಟು ಕಟ್ಟುತ್ತಿರುವುದು ಆ ಹಣವನ್ನೇ. ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಇಬ್ರಿಯರಿಗೆ ಬರೆದ ಪತ್ರ ಯೇಸುಸ್ವಾಮಿಯನ್ನೇ ಮಹಾಯಾಜಕ ಅನ್ನುತ್ತದೆ, ನಮ್ಮನ್ನು ಆಶ್ರಯಕ್ಕೆ ಓಡಿ ಬಂದವರು ಅನ್ನುತ್ತದೆ. ಆ ಮಹಾಯಾಜಕರ ಸಾವು ಆಗಿಹೋಗಿದೆ, ಅಲ್ವಾ?

ಮಾಡಬೇಕಾದದ್ದು: ನಂಬಿಕೆಯ ಒಬ್ಬರ ಎದುರು ಕೂತು ಆ ರಾತ್ರಿಯದನ್ನು ಪೂರ್ತಿ ಹೇಳಿ. 'ಒಪ್ಪಿಸಿದೆ ಕರ್ತನೇ' ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಸತ್ತವರ ಮನೆಯವರಿಗಾಗಿ ಪ್ರಾರ್ಥಿಸಿ. ಆದರೆ ನಿಮ್ಮ ಎದೆ ಹಗುರ ಮಾಡಿಕೊಳ್ಳಲು ಅವರ ಬಾಗಿಲಿಗೆ ಹೋಗಬೇಡಿ. ಅವರಿಗೆ ನಿಮ್ಮನ್ನು ನೋಡುವ ಮನಸ್ಸಿದೆಯಾ ಅಂತ ಬೇರೆಯವರ ಮೂಲಕ ಕೇಳಿಸಿ, ಇಲ್ಲ ಅಂದರೆ ಸುಮ್ಮನಿರಿ. ನಿದ್ದೆಗೆ ಡಾಕ್ಟರನ್ನು ನೋಡಿ. ಅದು ನಂಬಿಕೆ ಕಡಿಮೆ ಅಂತಲ್ಲ. ಪೌಲನ ಜೊತೆಗಾರ ಲೂಕನೂ ವೈದ್ಯನೇ.

ಪ್ರಶ್ನೆ: ಅಮ್ಮನಿಗೆ ಮರೆವಿನ ಕಾಯಿಲೆ. ನನ್ನನ್ನೇ ಗುರುತಿಸುವುದಿಲ್ಲ. 'ನಿನ್ನ ಚಿತ್ತವೇ ಆಗಲಿ' ಅಂತ ಪ್ರಾರ್ಥಿಸಲು ಹೋದರೆ ನಾಲಿಗೆ ಏಳುವುದಿಲ್ಲ. ನಾನು ದೇವರಿಗೆ ತಿರುಗಿಬಿದ್ದಿದ್ದೇನಾ?
- ಒಬ್ಬ ಮಗಳು

ಉತ್ತರ: ಇಲ್ಲ ತಾಯಿ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಮೊದಲು ಕೇಳಿದ್ದು, ಸಾಧ್ಯವಾದರೆ ಈ ಪಾತ್ರೆ, ಅಂದರೆ ಮುಂದಿರುವ ಸಂಕಟ, ನನ್ನಿಂದ ದೂರವಾಗಲಿ ಅಂತ. ಚಿತ್ತದ ಮಾತು ಅದರ ಹಿಂದೆ ಬಂತು. ಅಷ್ಟಕ್ಕೇ ಮುಗಿಯಲಿಲ್ಲ. ಮತ್ತಾಯನು ಹೇಳುವ ಪ್ರಕಾರ ಮೂರು ಸಲ ಎದ್ದು ಹೋಗಿ ಪ್ರಾರ್ಥಿಸಿದರು. ಜೊತೆಗೆ ಎಚ್ಚರವಾಗಿರಿ ಅಂತ ಸ್ನೇಹಿತರನ್ನು ಬೇಡಿಕೊಂಡರು, ಅವರು ನಿದ್ದೆಹೋದರು. ನಿಮಗೆ ಉಪದೇಶ ಮಾಡುವವರಲ್ಲಿ ಒಬ್ಬರನ್ನಾದರೂ ಅಮ್ಮನ ಪಕ್ಕ ಒಂದು ರಾತ್ರಿ ಕೂರಲು ಕರೆಯಿರಿ. ಈಗ 13ನೇ ಕೀರ್ತನೆ ಓದಿ, ಆರೇ ವಚನ. ಮೊದಲ ಎರಡರಲ್ಲಿ 'ಎಲ್ಲಿಯವರೆಗೆ' ಅನ್ನುವ ಕೇಳಿಕೆ ನಾಲ್ಕು ಸಲ ಬರುತ್ತದೆ. ಅದೂ ಸಾಲದಿದ್ದರೆ 88ನೆಯದು. ಅದು ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ಗ್ರಂಥದಿಂದ ಕಿತ್ತುಹಾಕಿಲ್ಲ.

ಪ್ರಶ್ನೆ: ನಮ್ಮ ಪ್ರಾರ್ಥನಾ ಗುಂಪಿನ ನಾಯಕರು, 'ನನ್ನ ಮಾತು ಮೀರಿದರೆ ದೇವರ ಮಾತು ಮೀರಿದ ಹಾಗೆ' ಅನ್ನುತ್ತಾರೆ. ಮದುವೆ ಯಾರನ್ನು, ಸಂಬಳದಲ್ಲಿ ಗುಂಪಿಗೆ ಎಷ್ಟು, ಎಲ್ಲ ಅವರೇ ಹೇಳುವುದು. ಎದುರು ಕೇಳಿದವರಿಗೆ 'ದೇವರ ರೆಕ್ಕೆಯ ನೆರಳಿಂದ ಹೊರಗೆ ಹೋಗುತ್ತೀರಿ' ಅಂತ 91ನೇ ಕೀರ್ತನೆ ತೋರಿಸುತ್ತಾರೆ.
- ಕೆಲಸಕ್ಕೆ ಸೇರಿದ ಹೊಸಬ

ಉತ್ತರ: ತಮ್ಮಾ, 91ನೇ ಕೀರ್ತನೆಯನ್ನು ಬಾಯಿಪಾಠ ಹೇಳಿದ ಇನ್ನೊಬ್ಬನಿದ್ದಾನೆ. ಯೇಸುಸ್ವಾಮಿಯನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಕೆಳಗೆ ಹಾರು ಅಂದ ಸೈತಾನ. ಮತ್ತಾಯನ 4ನೇ ಅಧ್ಯಾಯದಲ್ಲಿದೆ. ವಚನ ಗೊತ್ತಿದ್ದ ಮಾತ್ರಕ್ಕೆ ಅಧಿಕಾರ ಬರುವುದಿಲ್ಲ.

ಕಪೆರ್ನೌಮ್ ಊರಿನ ಶತಾಧಿಪತಿ, ಅಂದರೆ ನೂರು ಸಿಪಾಯಿಗಳ ಮೇಲಿನ ಅಧಿಕಾರಿ, ಯೇಸುಸ್ವಾಮಿಗೆ ಏನಂದ? ನಾನೂ ಇನ್ನೊಬ್ಬರ ಕೈಕೆಳಗಿರುವವನು ಅಂದ. ಆಮೇಲೆ ತಾನು ಆಳುವ ಸಿಪಾಯಿಗಳ ಮಾತು. ನಿಮ್ಮ ನಾಯಕರು ಯಾರ ಕೈಕೆಳಗಿದ್ದಾರೆ? ಯಾರಿಗೆ ಉತ್ತರ ಕೊಡುತ್ತಾರೆ? 'ನೇರವಾಗಿ ದೇವರಿಗೆ' ಅಂದರೆ ಹುಷಾರಾಗಿರಿ. ಬೆರೋಯ ಎಂಬ ಊರಿನವರು ಅಪೊಸ್ತಲ ಪೌಲನ ಮಾತನ್ನೇ ದಿನಾಲೂ ಗ್ರಂಥದ ಜೊತೆ ತಾಳೆ ಹಾಕಿ ನೋಡಿದರು, ಅದಕ್ಕೆ ಅವರನ್ನು ಹೊಗಳಿದ್ದಾರೆ. ದೇವರಿಗೆ ತಲೆಬಾಗುವುದೇ ಬೇರೆ, ದೇವರ ಹೆಸರು ಹೇಳುವವರಿಗೆಲ್ಲ ತಲೆಬಾಗುವುದೇ ಬೇರೆ. 1934ರಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಸೇರಿದ ಸಭೆಗಳವರು ಹಿಟ್ಲರನ ಕಾಲದಲ್ಲೇ ಅದನ್ನು ಬರೆದು ಹೇಳಿದರು. ನಿಮಗೆ ಅಷ್ಟು ಧೈರ್ಯವೂ ಬೇಕಿಲ್ಲ.

ಮದುವೆ ನಿಮ್ಮದು. ಅದರ ಬಗ್ಗೆ ಬೇರೆ ಮಾತಿಲ್ಲ. ಇನ್ನು ಸಂಬಳ. ಯೆರೂಸಲೇಮಿನವರಿಗೆ ಕೂಡಿಸಿದ ಹಣ ಒಯ್ಯುವಾಗ ಯಾರೂ ಬೊಟ್ಟು ಮಾಡಬಾರದು ಅಂತ ಪೌಲನು ಸಭೆಗಳೇ ಆರಿಸಿದವನನ್ನು ಜೊತೆಗೆ ಇಟ್ಟುಕೊಂಡ. ಕೊರಿಂಥದವರಿಗೆ ಅವನು ಬರೆದ ಎರಡನೇ ಪತ್ರದ 8ನೇ ಅಧ್ಯಾಯ. ಅದನ್ನು ಓದಿಕೊಂಡು ಹೋಗಿ, ಗುಂಪಿನ ಲೆಕ್ಕದ ಪುಸ್ತಕ ತೋರಿಸಿ ಅಂತ ಮರ್ಯಾದೆಯಿಂದಲೇ ಕೇಳಿ. ಅವರಿಗೆ ಸಿಟ್ಟು ಬಂದರೆ ಸಂಬಳ ನಿಮ್ಮ ಹತ್ತಿರವೇ ಇರಲಿ.