ಮುಂಬೈಯಲ್ಲಿ ಊಟದ ಹೋಟೆಲಿಗೆ ಬಾರ್ ಸೇರಿಸಲು ಯಾವ ಲೈಸೆನ್ಸ್ ಬೇಕು? ಅದರಲ್ಲೇ ಬಾಟಲಿ ಪಾರ್ಸೆಲ್ ಕೊಡಬಹುದಾ?

ಬೇಕಾಗಿರುವುದು ಎಫ್‌ಎಲ್-3, ಅಂದರೆ ಪರ್ಮಿಟ್ ರೂಮ್ ಲೈಸೆನ್ಸ್. ಅರ್ಜಿ ರಾಜ್ಯ ಅಬಕಾರಿ ಇಲಾಖೆಗೆ, ಮಂಜೂರಾತಿ ಕಲೆಕ್ಟರ್ ಕೈಯಲ್ಲಿ. ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ, ಪ್ರತಿ ವರ್ಷ ನವೀಕರಣ. ಪಾರ್ಸೆಲ್ ಇಲ್ಲ, ಕುಡಿಯುವುದು ಅಲ್ಲೇ ಕೂತು. ಸೀಲ್ ಮಾಡಿದ ಬಾಟಲಿ ಮಾರಲು ಎಫ್‌ಎಲ್-2, ನಾವು ವೈನ್ ಶಾಪ್ ಅನ್ನುವುದು. ಅದಕ್ಕೆ ಹೊಸ ಅರ್ಜಿ ಹಾಕಿ ಕಾಯುವುದು ವ್ಯರ್ಥ: ದಶಕಗಳಿಂದ ಸರ್ಕಾರ ಹೊಸದು ಕೊಡುವುದನ್ನು ನಿಲ್ಲಿಸಿದೆ, ಹಳೆಯ ಲೈಸೆನ್ಸುಗಳೇ ಭಾರಿ ಬೆಲೆಗೆ ಕೈ ಬದಲಾಯಿಸುತ್ತಿವೆ.

ಊರಿಂದ ಬಂದು ಹೋಟೆಲ್ ಹಾಕುವ ನಮ್ಮವರು ಹೆಚ್ಚಾಗಿ ಮರೆಯುವ ವಿಷಯ ಒಂದಿದೆ. ಇಲ್ಲಿ ನಡೆಯುತ್ತಿರುವುದು ಇಂದಿಗೂ 1949ರ ಪಾನನಿಷೇಧ ಕಾಯ್ದೆ. ಹಾಗಾಗಿ ಕಾಗದದ ಮೇಲೆ ಕುಡಿಯುವವನಿಗೂ ಪರ್ಮಿಟ್ ಬೇಕು. ಯಾರು ಕೇಳುತ್ತಾರೆ ಅನ್ನಬೇಡಿ, ತಪಾಸಣೆಗೆ ಬಂದವರು ಕೇಳುತ್ತಾರೆ. ಬಿಯರ್, ವೈನಿಗೆ 21 ವರ್ಷ ತುಂಬಿರಬೇಕು. ವಿಸ್ಕಿ, ರಮ್ಮಿಗೆ 25.

ಸರಕು ಲೈಸೆನ್ಸ್ ಇರುವ ಸಗಟು ವ್ಯಾಪಾರಿಯಿಂದಲೇ, ಸಾಗಣೆ ಪಾಸ್ ಸಮೇತ ಬರಬೇಕು. ಗೋವಾದಿಂದ ಅಗ್ಗಕ್ಕೆ ತಂದ ನಾಲ್ಕು ಬಾಟಲಿ ಕೌಂಟರಿನಲ್ಲಿ ಸಿಕ್ಕರೆ ಲೈಸೆನ್ಸಿಗೇ ಕುತ್ತು. ಬ್ರ್ಯಾಂಡ್‌ವಾರು ಸ್ಟಾಕ್ ರಿಜಿಸ್ಟರ್ ದಿನದಿನವೂ ಬರೆಯಿರಿ.

ಬಿಲ್ಲಿನಲ್ಲಿ ಊಟಕ್ಕೆ ಜಿಎಸ್‌ಟಿ, ಮದ್ಯಕ್ಕೆ ವ್ಯಾಟ್. 2023ರ ನವೆಂಬರಿನಲ್ಲಿ ಪರ್ಮಿಟ್ ರೂಮ್ ವ್ಯಾಟ್ ಶೇ. 5ರಿಂದ 10ಕ್ಕೆ ಏರಿತು. 2025ರಲ್ಲಿ ಅಬಕಾರಿ ಸುಂಕವೂ ಏರಿದೆ. ಹಳೆಯ ಲೆಕ್ಕ ನಂಬಿ ದುಡ್ಡು ಹಾಕಬೇಡಿ.